20ಡಬ್ಲ್ಯೂ-50 ಹಾಕಿಸಿ ಅಂತಾರೆ, ಗೇರ್‌ಬಾಕ್ಸ್ ಆಯಿಲ್ ಮುಟ್ಟಬೇಡಿ ಅಂತಾರೆ. ಏನು ಮಾಡಲಿ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್, 6 ಸ್ಪೀಡ್ ಆಟೋಮ್ಯಾಟಿಕ್. ಸುಮಾರು 90,000 ಕಿ.ಮೀ. ಓಡಿದೆ. ಸರ್ವಿಸ್ ದಾಖಲೆ ಅರ್ಧಂಬರ್ಧ ಸಿಕ್ಕಿದೆ, ಕೈಪಿಡಿ ಮಾತ್ರ ಪೂರ್ತಿ ಇದೆ. ಅದರಲ್ಲಿ ಎಂಜಿನ್ ಆಯಿಲ್ 5ಡಬ್ಲ್ಯೂ-30, ಎಪಿಐ ಎಸ್‌ಎನ್ (ಆಯಿಲ್‌ನ ಗುಣಮಟ್ಟದ ವರ್ಗ) ಅಥವಾ ಅದಕ್ಕಿಂತ ಮೇಲಿನದು ಅಂತ ಬರೆದಿದೆ.

ಗ್ಯಾರೇಜಿನಲ್ಲಿ ಕೇಳಿದರೆ, "ಗಾಡಿಗೆ ವಯಸ್ಸಾಯಿತು, 20ಡಬ್ಲ್ಯೂ-50 ಹಾಕಿಸಿ, ದಪ್ಪ ಇದ್ದಷ್ಟೂ ಎಂಜಿನ್‌ಗೆ ರಕ್ಷಣೆ" ಎಂದರು. ಗೇರ್‌ಬಾಕ್ಸ್ ಬಗ್ಗೆ ಕೇಳಿದೆ. "ಅದು ಲೈಫ್‌ಟೈಮ್ ಆಯಿಲ್, ಮುಟ್ಟಿದರೆ ಗೇರ್‌ಬಾಕ್ಸೇ ಹೋಗುತ್ತದೆ" ಎಂಬ ಉತ್ತರ ಬಂತು. ಎರಡನ್ನೂ ನಂಬಲು ಮನಸ್ಸಾಗುತ್ತಿಲ್ಲ. ಆದರೆ ಯಾಕೆ ನಂಬಬಾರದು ಅಂತಲೂ ನನಗೆ ಗೊತ್ತಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಪಾನಾಪೆಟ್ಟಿಗೆ

ನಿಮ್ಮ ಅನುಮಾನ ಸರಿಯಾಗಿದೆ ಸರ್. ಎಂಜಿನ್ ಆಯಿಲ್ ಬಗ್ಗೆ ನಾನು ಹೇಳುತ್ತೇನೆ. ಗೇರ್‌ಬಾಕ್ಸ್ ವಿಷಯ ಗೇರ್‌ಮನೆಯವರು ಹೇಳಿದರೆ ಚೆನ್ನ, ಅವರು ಅದೇ ಕೆಲಸದಲ್ಲಿ ಇರುವವರು.

5ಡಬ್ಲ್ಯೂ-30 ಎನ್ನುವುದು ಎಸ್‌ಎಇ ಜೆ300 ಎಂಬ ಮಾನದಂಡದ ಗ್ರೇಡ್. ಆಯಿಲ್ ಎಷ್ಟು ಮಂದ ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಡಬ್ಲ್ಯೂ ಜೊತೆಗಿರುವ ಸಂಖ್ಯೆ ಚಳಿಯದು. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಆ ಚಳಿಯಲ್ಲೂ ಎಂಜಿನ್ ತಿರುಗುವಷ್ಟು ಅದು ತೆಳುವಾಗಿರಬೇಕು. 20ಡಬ್ಲ್ಯೂಗೆ ಅದೇ ರೀತಿಯ ಪರೀಕ್ಷೆ ಮೈನಸ್ 15 ಡಿಗ್ರಿಯಲ್ಲಿ. ಕೊನೆಯ ಸಂಖ್ಯೆ ಬಿಸಿಯದು. 100 ಡಿಗ್ರಿಯಲ್ಲಿ 30 ಗ್ರೇಡ್ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ (ಮಂದತೆಯ ಅಳತೆ) ನಡುವೆ ಇರಬೇಕು. 50 ಗ್ರೇಡ್ ಆದರೆ 16.3ರಿಂದ 21.9.

ಈಗ ನೋಡಿ, ಮೈನಸ್ ಚಳಿಯೇ ಇಲ್ಲದ ಕಡೆ ಡಬ್ಲ್ಯೂ ಸಂಖ್ಯೆ ಲೆಕ್ಕಕ್ಕಿಲ್ಲ ಅಂತ ಹಲವರು ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಎಂಜಿನ್‌ಗೆ 25 ಡಿಗ್ರಿ ಕೂಡ ತಣ್ಣಗೇ. ಅದು ಓಡಬೇಕಾದ ಬಿಸಿ ಸುಮಾರು 90ರಿಂದ 100 ಡಿಗ್ರಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 20ಡಬ್ಲ್ಯೂ-50 ನಿಮ್ಮ 5ಡಬ್ಲ್ಯೂ-30ಗಿಂತ ತುಂಬಾ ಮಂದವಾಗಿರುತ್ತದೆ. ಮೇಲಿನ ಕ್ಯಾಮ್‌ಗೆ, ಟರ್ಬೊ ಬೇರಿಂಗ್‌ಗೆ ತಲುಪುವುದು ತಡ. ಎಂಜಿನ್ ಸವೆತದಲ್ಲಿ ದೊಡ್ಡ ಪಾಲು ಈ ಮೊದಲ ಕ್ಷಣಗಳದ್ದು.

"ಪ್ರೆಶರ್ ಜಾಸ್ತಿ ತೋರಿಸುತ್ತೆ, ಅಂದ್ರೆ ಒಳ್ಳೇದು ಅಲ್ವಾ" ಅಂತಲೂ ಕೇಳುತ್ತಾರೆ. ಮಂದ ಆಯಿಲ್ ಹರಿಯಲು ಕಷ್ಟ ಪಡುವುದರಿಂದಲೇ ಪ್ರೆಶರ್ ಏರುತ್ತದೆ. ಮಿತಿ ಮೀರಿದರೆ ಪಂಪಿನ ರಿಲೀಫ್ ವಾಲ್ವ್ ತೆರೆದು ಆಯಿಲ್ ವಾಪಸ್ ಹೋಗುತ್ತದೆ. ಬೇರಿಂಗ್‌ಗೆ ಬೇಕಾದದ್ದು ಹರಿವು. ನಿಮ್ಮ ಎಂಜಿನ್‌ನಲ್ಲಿ ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಸಮಯವನ್ನು ಬೇಕಾದಂತೆ ಬದಲಿಸುವ ವ್ಯವಸ್ಥೆ) ಬಹುಶಃ ಇರುತ್ತದೆ. ಅದು ಕೆಲಸ ಮಾಡುವುದೇ ಆಯಿಲ್ ಪ್ರೆಶರ್‌ನಿಂದ, ಸಣ್ಣ ಸಣ್ಣ ರಂಧ್ರಗಳ ಮೂಲಕ. ಅದಕ್ಕೆ ಹೊಂದಿಸಿದ ಗ್ರೇಡ್ ಬಿಟ್ಟು ಎರಡು ಮೆಟ್ಟಿಲು ಮೇಲಕ್ಕೆ ಹೋಗುವುದು ಬೇಡ.

ಬೆಟ್ಟದಹಾದಿ

ಪಾನಾಪೆಟ್ಟಿಗೆ ಅವರೇ, ನಿಮ್ಮ ಮಾತು ಬಹುಪಾಲು ಒಪ್ಪುತ್ತೇನೆ. ಆದರೆ ಬಿಸಿ ಜಾಸ್ತಿ ಇರುವ ಕಡೆ, ತುಂಬಿದ ಗಾಡಿಯಲ್ಲಿ ಗಂಟೆಗಟ್ಟಲೆ ಘಾಟಿ ಹತ್ತುವವರಿಗೆ 40 ಗ್ರೇಡ್ ತಪ್ಪಲ್ಲ. ಒಂದೇ ಎಂಜಿನ್‌ಗೆ ಒಂದು ದೇಶದ ಕೈಪಿಡಿಯಲ್ಲಿ 0ಡಬ್ಲ್ಯೂ-20 ಇರುತ್ತದೆ, ಇನ್ನೊಂದು ದೇಶದ ಕೈಪಿಡಿಯಲ್ಲಿ 5ಡಬ್ಲ್ಯೂ-30 ಅಥವಾ 5ಡಬ್ಲ್ಯೂ-40 ಕೂಡ ಇರುತ್ತದೆ. ತೆಳು ಆಯಿಲ್ ಬಂದದ್ದರಲ್ಲಿ ಮೈಲೇಜ್ ನಿಯಮಗಳ ಒತ್ತಡವೂ ಇದೆ. ಅದನ್ನು ಮುಚ್ಚಿಡುವುದು ಬೇಡ.

ಪಾನಾಪೆಟ್ಟಿಗೆ

ನಿಜ. ಅದಕ್ಕೇ ಕೈಪಿಡಿಯ ಉಷ್ಣಾಂಶದ ಪಟ್ಟಿ ನೋಡಿ ಅನ್ನುವುದು. ಆ ಪಟ್ಟಿಯಲ್ಲಿ 5ಡಬ್ಲ್ಯೂ-40 ಇದ್ದರೆ ಧೈರ್ಯವಾಗಿ ಹಾಕಿಸಿ. ಪಟ್ಟಿಯಲ್ಲೇ ಇಲ್ಲದ 20ಡಬ್ಲ್ಯೂ-50ಗೆ ಹಾರುವುದು ಬೇರೆ ಮಾತು.

ಘಾಟಿ ಹತ್ತುವವರು ಇನ್ನೊಂದು ಅಳತೆ ತಿಳಿದಿರಲಿ. ಅದರ ಹೆಸರು ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗ್ ಒಳಗಿನ ಹಾಗೆ ಜೋರಾಗಿ ಅರೆಯುವಾಗ ಆಯಿಲ್ ಪದರ ಎಷ್ಟು ಗಟ್ಟಿ ನಿಲ್ಲುತ್ತದೆ ಎಂದು ಅದು ಹೇಳುತ್ತದೆ. 30 ಗ್ರೇಡ್‌ಗೆ ಕನಿಷ್ಠ 2.9 ಮಿಲಿಪ್ಯಾಸ್ಕಲ್ ಸೆಕೆಂಡ್ ಸಾಕು. ಆದರೆ ಯುರೋಪಿನ ಕಾರು ತಯಾರಕರ ಒಕ್ಕೂಟವಾದ ಎಸಿಇಎಯ ಸಿ3 ವರ್ಗಕ್ಕೆ ಸೇರಬೇಕಾದರೆ ಕನಿಷ್ಠ 3.5 ಬೇಕು. ಅಂದರೆ ಡಬ್ಬಿಯ ಮುಂದೆ 5ಡಬ್ಲ್ಯೂ-30 ಅಂತಲೇ ಬರೆದಿರುವ ಎರಡು ಆಯಿಲ್‌ಗಳು ಬಿಸಿಯಲ್ಲಿ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ದಾರಿಹೋಕ ಅವರೇ, ನಿಮ್ಮ ಗಾಡಿಗೆ ಆ ಸಣ್ಣ ಅಕ್ಷರದಲ್ಲಿ ಎಪಿಐ ಎಸ್‌ಪಿ ಹುಡುಕಿ. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಪೆಟ್ರೋಲ್ ವರ್ಗದಲ್ಲಿ ಹೊಸದು ಹಳೆಯದರ ಜಾಗಕ್ಕೆ ಆಗುತ್ತದೆ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಎಲ್‌ಎಸ್‌ಪಿಐ ಎಂಬ ತೊಂದರೆ ಇದೆ. ಕಡಿಮೆ ಆರ್‌ಪಿಎಂನಲ್ಲಿ ಆಕ್ಸಲರೇಟರ್ ಜೋರಾಗಿ ತುಳಿದಾಗ, ಪ್ಲಗ್ ಕಿಡಿ ಕೊಡುವ ಮೊದಲೇ ಒಳಗೆ ಬೆಂಕಿ ಹತ್ತಿಕೊಳ್ಳುತ್ತದೆ. ಪಿಸ್ಟನ್ ಒಡೆಯುವಷ್ಟು ಹೊಡೆತ ಬೀಳಬಹುದು. ಆಯಿಲ್‌ನ ಡಿಟರ್ಜೆಂಟ್‌ನಲ್ಲಿ ಕ್ಯಾಲ್ಸಿಯಂ ಪಾಲು ಜಾಸ್ತಿ ಇದ್ದಾಗ ಇದು ಹೆಚ್ಚಾಗುತ್ತದೆ ಎಂದು ಕಂಡುಬಂದ ಮೇಲೆ, ಸ್ವಲ್ಪ ಭಾಗ ಮೆಗ್ನೀಸಿಯಂಗೆ ಬದಲಿಸಿದ ಆಯಿಲ್‌ಗಳು ಬಂದವು. ಎಸ್‌ಪಿಯಲ್ಲಿ ಇದಕ್ಕೂ ಪರೀಕ್ಷೆ ಇದೆ, ಟೈಮಿಂಗ್ ಚೈನ್ ಸವೆತಕ್ಕೂ ಇದೆ. ನಿಮ್ಮಂಥ ಎಂಜಿನ್‌ಗೆಂದೇ ಬಂದ ವರ್ಗ ಅದು.

ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡುವ ಎಂಜಿನ್ ಇದ್ದವರು ಮಾತ್ರ ಒಂದಿಷ್ಟೂ ಆಚೀಚೆ ಮಾಡಬೇಡಿ. ಕಂಪನಿ ಹೇಳಿದ ಅನುಮೋದನೆ ಇರುವ ಆಯಿಲೇ ಬೇಕು. ಹೊಂದದ ಆಯಿಲ್‌ನಲ್ಲಿ ಬೆಲ್ಟ್ ಉಬ್ಬಿ, ಚೂರು ಎದ್ದು ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ.

ಹಳೆಡೀಸೆಲ್

ಡೀಸೆಲ್‌ನವರಿಗೂ ಒಂದು ಮಾತು ಸೇರಿಸಲೇಬೇಕು. ನಿಮ್ಮ ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಕಡಿಮೆ ಬೂದಿಯ ಆಯಿಲ್ ಬೇಕು. ಮಸಿ ಸುಟ್ಟು ಹೋಗುತ್ತದೆ, ಬೂದಿ ಸುಡುವುದಿಲ್ಲ. ಆಯಿಲ್‌ನ ಲೋಹದ ಅಂಶಗಳಿಂದ ಬಂದ ಬೂದಿ ಫಿಲ್ಟರಿನಲ್ಲೇ ಕೂತು ಅದನ್ನು ನಿಧಾನವಾಗಿ ಕಟ್ಟಿಸುತ್ತದೆ. ಎಸಿಇಎ ಸಿ3ಯಲ್ಲಿ ಬೂದಿಯ ಮಿತಿ ಶೇ. 0.8. ಅವರದೇ ಇನ್ನೊಂದು ವರ್ಗವಾದ ಎ3/ಬಿ4 ಆಯಿಲ್‌ನಲ್ಲಿ ಶೇ. 1.6ರ ತನಕ ಇರಬಹುದು. ಎ3/ಬಿ4 ಕೆಟ್ಟ ಆಯಿಲ್ ಅಲ್ಲ. ಡಿಪಿಎಫ್ ಇಲ್ಲದ ಗಾಡಿಗೆ ತುಂಬಾ ಒಳ್ಳೆಯದು. ಡಿಪಿಎಫ್‌ಗೆ ಮಾತ್ರ ಹೊಂದುವುದಿಲ್ಲ.

ಇನ್ನೊಂದು. ಸಿಟಿಯಲ್ಲೇ ಸಣ್ಣ ಸಣ್ಣ ಓಡಾಟ ಇದ್ದು, ಡಿಪಿಎಫ್ ಸ್ವಚ್ಛವಾಗುವ ಮೊದಲೇ ಎಂಜಿನ್ ಆಫ್ ಮಾಡುತ್ತಿದ್ದರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದರೆ ಖುಷಿಪಡಬೇಡಿ. ಆಯಿಲ್ ತೆಳುವಾಗಿದೆ ಅಂತ ಅರ್ಥ. ಕಿಲೋಮೀಟರ್ ಬಾಕಿ ಇದ್ದರೂ ಬದಲಿಸಿ.

ಸಂಜೆಸವಾರಿ

ನನ್ನ ಡೀಸೆಲ್ ಕಾರಿನಲ್ಲಿ ಆಯಿಲ್ ಬದಲಿಸಿದ ವಾರದಲ್ಲೇ ಕಪ್ಪಾಗುತ್ತದೆ. ಕೆಟ್ಟ ಆಯಿಲ್ ಹಾಕಿದ್ದಾರಾ?

ಹಳೆಡೀಸೆಲ್

ಇಲ್ಲ ಮೇಡಂ. ಡೀಸೆಲ್‌ನಲ್ಲಿ ಅದು ಸಹಜ. ಮಸಿಯನ್ನು ಹಿಡಿದು ತೇಲಿಸಿಕೊಂಡಿರುವುದೇ ಆಯಿಲ್‌ನ ಕೆಲಸ. ಬಣ್ಣದಿಂದ ಆಯುಷ್ಯ ಹೇಳಲಾಗದು.

ಎರಡುಗಾಲಿ

ಮಧ್ಯದಲ್ಲಿ ಬೈಕಿನ ಪ್ರಶ್ನೆ ತರುತ್ತಿದ್ದೇನೆ, ಕ್ಷಮಿಸಿ. ಕಾರಿಗೆ ತಂದ ಒಳ್ಳೆಯ ಸಿಂಥೆಟಿಕ್ ಒಂದು ಲೀಟರ್ ಉಳಿದಿದೆ. ಗ್ರೇಡ್ ಕೂಡ ಅದೇ, 10ಡಬ್ಲ್ಯೂ-30. ಬೈಕಿಗೆ ಹಾಕಬಹುದಾ?

ಪಾನಾಪೆಟ್ಟಿಗೆ

ಬೇಡ. ಗೇರ್ ಬೈಕುಗಳಲ್ಲಿ ಸಾಮಾನ್ಯವಾಗಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟ್‌ಗಳು ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ 30 ಗ್ರೇಡ್ ಆಯಿಲ್‌ಗೆ ಮೈಲೇಜಿಗಾಗಿ ಜಾರಿಕೆ ಹೆಚ್ಚಿಸುವ ಅಂಶ ಸೇರಿಸಿರುತ್ತಾರೆ. ಅದೇ ಜಾರಿಕೆ ಬೈಕಿನ ಕ್ಲಚ್ ಸ್ಲಿಪ್ ಆಗಲು ಕಾರಣವಾಗುತ್ತದೆ. ಡಬ್ಬಿಯ ಮೇಲೆ ಜಾಸೋ (ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಇರಲಿ. ಗೇರ್ ಇಲ್ಲದ ಸ್ಕೂಟರ್‌ಗೆ ಎಂಬಿ ನಡೆಯುತ್ತದೆ. ಅದರ ಕ್ಲಚ್ ಒಣ ಕ್ಲಚ್. ಸ್ಕೂಟರ್‌ನ ಹಿಂದಿನ ಚಕ್ರದ ಹತ್ತಿರ ಬೇರೆಯೇ ಗೇರ್ ಆಯಿಲ್ ಇರುತ್ತದೆ. ಬಹಳ ಜನ ಅದನ್ನು ಮರೆತೇಬಿಡುತ್ತಾರೆ.

ಗೇರ್‌ಮನೆ

ನನ್ನ ಹೆಸರು ಕರೆದದ್ದು ಈಗ ನೋಡಿದೆ. ದಾರಿಹೋಕ ಅವರೇ, ನಿಮ್ಮ ಎರಡನೆಯ ಪ್ರಶ್ನೆಯೇ ದೊಡ್ಡದು. ಎಂಜಿನ್ ಆಯಿಲ್‌ನಲ್ಲಿ ಒಂದು ಗ್ರೇಡ್ ಆಚೀಚೆ ಆದರೆ ಎಂಜಿನ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಡೆದುಕೊಳ್ಳುವುದಿಲ್ಲ.

ಯಾಕೆಂದರೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದ್ರವ, ಬರೀ ಜಾರಿಸುವ ಎಣ್ಣೆ ಅಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಶಕ್ತಿಯನ್ನು ಆಚೆ ದಾಟಿಸುವುದು ಅದೇ. ವಾಲ್ವ್ ಬಾಡಿಯಲ್ಲಿ ಒತ್ತಡವಾಗಿ ಕ್ಲಚ್‌ಗಳನ್ನು ಹಿಡಿದು ಬಿಡುವುದೂ ಅದೇ. ಬಿಸಿಯನ್ನು ಕೂಲರ್‌ಗೆ ಒಯ್ಯುವುದೂ ಅದೇ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಲಚ್ ಪ್ಲೇಟ್‌ಗಳು ಎಷ್ಟು ಜಾರಿ, ಎಷ್ಟು ಹಿಡಿಯಬೇಕು ಅನ್ನುವುದನ್ನು ನಿರ್ಧರಿಸುವುದು ಅದರೊಳಗಿನ ಅಂಶಗಳು. ಹಾಗಾಗಿ ನಾನು ಅದನ್ನು ಗೇರ್‌ಬಾಕ್ಸಿನ ಒಂದು ಬಿಡಿಭಾಗ ಅಂತಲೇ ಲೆಕ್ಕ ಹಾಕುತ್ತೇನೆ. ಹೊಂದದ ದ್ರವ ಹಾಕಿದರೆ ಕೆಲವೊಮ್ಮೆ ಗೇರ್ ಬೀಳುವಾಗ ಧಕ್ಕೆ ಹೊಡೆಯುತ್ತದೆ. ಕೆಲವೊಮ್ಮೆ ಹದವಾದ ವೇಗದಲ್ಲಿ ಹೋಗುವಾಗ, ರಸ್ತೆಯ ಸಾಲು ಉಬ್ಬುಗಳ ಮೇಲೆ ಹೋದ ಹಾಗೆ ಗಾಡಿ ನಡುಗುತ್ತದೆ. ಟಾರ್ಕ್ ಕನ್ವರ್ಟರ್ ಒಳಗಿನ ಲಾಕ್‌ಅಪ್ ಕ್ಲಚ್ ಹಿಡಿದು ಬಿಟ್ಟು ಮಾಡುವ ನಡುಕ ಅದು.

ಈ ವ್ಯತ್ಯಾಸ ಹೊಸದೇನಲ್ಲ. ಜನರಲ್ ಮೋಟಾರ್ಸ್‌ನ ಎಟಿಎಫ್ ಡೆಕ್ಸ್‌ರಾನ್ 1967ರಲ್ಲಿ ಬಂತು. ಅದರಲ್ಲಿ ಘರ್ಷಣೆಯನ್ನು ಮೃದು ಮಾಡುವ ಅಂಶ ಇತ್ತು. ಫೋರ್ಡ್‌ನ ಟೈಪ್ ಎಫ್‌ನಲ್ಲಿ ಅದು ಇರಲಿಲ್ಲ, ಕ್ಲಚ್ ಗಟ್ಟಿಯಾಗಿ ಹಿಡಿಯಲಿ ಎಂಬುದು ಅವರ ಉದ್ದೇಶ. ಆಗಲೇ ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿರಲಿಲ್ಲ. ಈಗ ಅಂತರ ಇನ್ನೂ ದೊಡ್ಡದು. ಡೆಕ್ಸ್‌ರಾನ್ 6, ಮರ್ಕಾನ್ ಎಲ್‌ವಿ, ಟೊಯೋಟಾ ಡಬ್ಲ್ಯೂಎಸ್ ಇವೆಲ್ಲ ಹಳೆಯ ಡೆಕ್ಸ್‌ರಾನ್ 3ಗಿಂತ ತೆಳು. 10 ಸ್ಪೀಡ್ ಗೇರ್‌ಬಾಕ್ಸ್‌ಗಳಿಗೆ ಬಂದಿರುವ ಯುಎಲ್‌ವಿ (ಅತಿ ಕಡಿಮೆ ಮಂದತೆಯ) ದ್ರವಗಳು ಅದಕ್ಕಿಂತಲೂ ತೆಳು. ಬಣ್ಣ ಬಹುತೇಕ ಎಲ್ಲದರದ್ದೂ ಕೆಂಪು, ಅದು ಬರೀ ಬಣ್ಣದ ಪುಡಿ. ಕೆಂಪಿದೆ ಅಂತ ಯಾವುದೋ ಡಬ್ಬಿಯಿಂದ ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸಿವಿಟಿ (ಮೆಟ್ಟಿಲಿನಂಥ ಗೇರ್‌ಗಳಿಲ್ಲದ ಆಟೋಮ್ಯಾಟಿಕ್) ಇದ್ದವರಿಗೆ ಇನ್ನೂ ಕಟ್ಟುನಿಟ್ಟು. ಅಲ್ಲಿ ಉಕ್ಕಿನ ಬೆಲ್ಟ್ ಅಥವಾ ಚೈನ್ ಉಕ್ಕಿನ ಪುಲ್ಲಿಯನ್ನು ಹಿಡಿದು ಎಳೆಯಬೇಕು. ದ್ರವದ ಪದರದ ಮೂಲಕವೇ ಆ ಹಿಡಿತ ಸಿಗಬೇಕು, ಲೋಹ ಲೋಹವನ್ನು ಉಜ್ಜಲೂಬಾರದು. ಸಾಮಾನ್ಯ ಎಟಿಎಫ್ ಈ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಹಾಕಿದರೆ ಬೆಲ್ಟ್ ಜಾರಿ ಪುಲ್ಲಿಯ ಮುಖ ಗೀರು ಬೀಳುತ್ತದೆ. ಆಮೇಲೆ ಸರಿಯಾದ ದ್ರವ ಹಾಕಿದರೂ ಆ ಗೀರು ಹೋಗುವುದಿಲ್ಲ. ಸಿವಿಟಿ ದ್ರವ ನಿಸಾನ್ ಎನ್‌ಎಸ್-3 ಅಂದರೆ ಎನ್‌ಎಸ್-3, ಹೋಂಡಾ ಎಚ್‌ಸಿಎಫ್-2 ಅಂದರೆ ಎಚ್‌ಸಿಎಫ್-2. ಡ್ಯುಯಲ್ ಕ್ಲಚ್‌ನಲ್ಲೂ ಒದ್ದೆ ಕ್ಲಚ್ ಒಂದು ದಾರಿ, ಒಣ ಕ್ಲಚ್ ಇನ್ನೊಂದು ದಾರಿ. ಒದ್ದೆಯದಕ್ಕೆ ಅದರದ್ದೇ ದ್ರವ, ಅದರದ್ದೇ ಅವಧಿ.

ನಿಮ್ಮ 6 ಸ್ಪೀಡ್‌ಗೆ ಯಾವುದು ಅನ್ನುವುದು ಕೈಪಿಡಿಯ ಕೊನೆಯ ಪುಟಗಳಲ್ಲಿ, ದ್ರವಗಳ ಅಳತೆಯ ಪಟ್ಟಿಯಲ್ಲಿ ಇರುತ್ತದೆ. ಇಲ್ಲದಿದ್ದರೆ ಚಾಸಿ ನಂಬರ್ ಕೊಟ್ಟು ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಕೇಳಿ. ಮಾಡೆಲ್ ಹೆಸರು ಸಾಲದು. ಒಂದೇ ಮಾಡೆಲ್‌ಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಗೇರ್‌ಬಾಕ್ಸ್ ಇರಬಹುದು.

ದಾರಿಹೋಕ

ತುಂಬಾ ಉಪಕಾರವಾಯಿತು. ಆದರೆ "ಲೈಫ್‌ಟೈಮ್" ಅಂದದ್ದು? ಮುಟ್ಟಿದರೆ ಕೆಡುತ್ತದೆ ಅಂದದ್ದು? ಅಂಗಡಿಯಲ್ಲಿ ಎಲ್ಲ ಆಟೋಮ್ಯಾಟಿಕ್‌ಗೂ ಆಗುವ ಮಲ್ಟಿ ವೆಹಿಕಲ್ ಎಟಿಎಫ್ ಕೂಡ ನೋಡಿದೆ. ಅದು?

ಗೇರ್‌ಮನೆ

ಲೈಫ್‌ಟೈಮ್ ಎಂದರೆ ಯಾರ ಲೈಫ್ ಎಂದು ಯಾರೂ ಬರೆದುಕೊಡುವುದಿಲ್ಲ. ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜೆಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಗೇರ್‌ಬಾಕ್ಸ್ ಮಾಡಿದವರೇ ಹೇಳಿದ ಮೇಲೆ ಬೇರೆ ಸಾಕ್ಷಿ ಯಾಕೆ? ಬಿಸಿಯಿಂದ ದ್ರವ ಹಳತಾಗುತ್ತದೆ, ಘರ್ಷಣೆಯ ಅಂಶಗಳು ತೀರುತ್ತವೆ. ನೀವು 90,000ದಲ್ಲಿ ಇದ್ದೀರಿ. ಸರಿಯಾದ ಸಮಯ.

ಮುಟ್ಟಿದರೆ ಕೆಡುತ್ತದೆ ಎಂಬ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಜನ ಗೇರ್‌ಬಾಕ್ಸ್ ಜಾರಲು ಶುರುವಾದ ಮೇಲೆ ಆಯಿಲ್ ಬದಲಿಸಲು ಬರುತ್ತಾರೆ. ಕ್ಲಚ್ ಆಗಲೇ ಸುಟ್ಟಿರುತ್ತದೆ. ಹೊಸ ಆಯಿಲ್ ಅದನ್ನು ಬದುಕಿಸಲಾರದು. ಕೆಲವೇ ದಿನದಲ್ಲಿ ಗಾಡಿ ನಿಂತಾಗ ಅಪವಾದ ಹೊಸ ಆಯಿಲ್ ಮೇಲೆ ಬರುತ್ತದೆ. ನಿಮ್ಮ ಗಾಡಿ ಈಗ ಜಾರುತ್ತಿಲ್ಲ, ಧಕ್ಕೆ ಇಲ್ಲ, ದ್ರವಕ್ಕೆ ಸುಟ್ಟ ವಾಸನೆ ಇಲ್ಲ ಅಂದರೆ ಹೆದರುವ ಕಾರಣವಿಲ್ಲ.

ಮಲ್ಟಿ ವೆಹಿಕಲ್ ಬಗ್ಗೆ: ಡಬ್ಬಿಯ ಮೇಲೆ ಎರಡು ಥರದ ಮಾತು ಇರುತ್ತದೆ. "ಅನುಮೋದಿತ" ಎಂದರೆ ಗಾಡಿ ಕಂಪನಿ ಪರೀಕ್ಷಿಸಿ ಒಪ್ಪಿದೆ. "ಬಳಕೆಗೆ ಸೂಕ್ತ" ಎಂದರೆ ಆಯಿಲ್ ತಯಾರಕರೇ ಹಾಗೆ ಹೇಳಿಕೊಂಡಿದ್ದಾರೆ. ಎರಡನೆಯದೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ, ಒಳ್ಳೆಯವೂ ಇವೆ. ಆದರೆ ಒಂದೇ ಡಬ್ಬಿ ಹಳೆಯ ಮಂದ ದ್ರವದ ಜಾಗಕ್ಕೂ ಆಗುತ್ತದೆ, ಹೊಸ ತೆಳು ದ್ರವದ ಜಾಗಕ್ಕೂ ಆಗುತ್ತದೆ, ಸಿವಿಟಿಗೂ ಆಗುತ್ತದೆ ಎಂದರೆ ನಾನು ಅದನ್ನು ನನ್ನ ಕೈಯಾರೆ ಸುರಿಯುವುದಿಲ್ಲ.

ತಿಳಿಗೊಳ

ಮ್ಯಾನ್ಯುವಲ್ ಗೇರ್‌ಬಾಕ್ಸ್‌ನವರನ್ನು ಎಲ್ಲರೂ ಮರೆತಿರಿ. ನನ್ನ ಹಳೆಯ ಕಾರಿಗೆ ಜಿಎಲ್-4 ವರ್ಗದ 75ಡಬ್ಲ್ಯೂ-90 ಗೇರ್ ಆಯಿಲ್ ಬೇಕು. ಅಂಗಡಿಯಲ್ಲಿ ಜಿಎಲ್-5 ಕೊಟ್ಟು "ಇದು ಅದಕ್ಕಿಂತ ಮೇಲಿನದು" ಎನ್ನುತ್ತಾರೆ. ಎಂಜಿನ್ ಆಯಿಲ್‌ನಲ್ಲಿ ಹೊಸ ವರ್ಗ ಹಳೆಯದಕ್ಕೆ ಆಗುತ್ತದೆ ಅಂದಿರಿ. ಇಲ್ಲೂ ಹಾಗೇನಾ?

ಗೇರ್‌ಮನೆ

ಇಲ್ಲಿ ಹಾಗಲ್ಲ. ಒಳ್ಳೆಯ ಪ್ರಶ್ನೆ ಕೇಳಿದಿರಿ. ಜಿಎಲ್ ಸಂಖ್ಯೆ ಮೆಟ್ಟಿಲಲ್ಲ, ಕೆಲಸದ ವಿಂಗಡಣೆ. ಜಿಎಲ್-5 ಇರುವುದು ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರ್‌ಗಳಿಗೆ. ಅಲ್ಲಿ ಹಲ್ಲುಗಳು ವಿಪರೀತ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದಕ್ಕಾಗಿ ಗಂಧಕ, ರಂಜಕದ ಅಂಶ ಜಿಎಲ್-4ಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್ (ಗೇರ್ ಹಾಕುವಾಗ ವೇಗ ಹೊಂದಿಸುವ ಬಳೆ) ಇದ್ದರೆ ಎರಡು ತೊಂದರೆ. ಆ ಅಂಶಗಳು ಹಿತ್ತಾಳೆಯನ್ನು ನಿಧಾನವಾಗಿ ತಿನ್ನಬಹುದು. ಜೊತೆಗೆ, ರಿಂಗ್ ಗೇರಿನ ವೇಗವನ್ನು ಹೊಂದಿಸಲು ಬೇಕಾದ ಹಿಡಿತ ಸಿಗದೆ ಗೇರ್ ಹಾಕುವಾಗ ಕರಕರ ಎನ್ನುತ್ತದೆ. ಜಿಎಲ್-4 ಅಂದರೆ ಜಿಎಲ್-4 ಹುಡುಕಿ. ಕೆಲವು ಮ್ಯಾನ್ಯುವಲ್‌ಗಳಿಗೆ ಕಂಪನಿಯೇ ಎಟಿಎಫ್ ಹೇಳಿರುತ್ತದೆ, ಕೆಲವಕ್ಕೆ ಪ್ರತ್ಯೇಕ ಎಂಟಿಎಫ್ (ಮ್ಯಾನ್ಯುವಲ್ ಗೇರ್‌ಬಾಕ್ಸ್ ದ್ರವ). ಆಗ ಅದೇ.

75ಡಬ್ಲ್ಯೂ-90 ನೋಡಿ ತುಂಬಾ ದಪ್ಪ ಅಂತಲೂ ಗಾಬರಿ ಬೇಡ. ಗೇರ್ ಆಯಿಲ್ ಅಳತೆಯೇ ಬೇರೆ, ಎಸ್‌ಎಇ ಜೆ306. ಬಿಸಿಯಲ್ಲಿ ಅದರ ಮಂದತೆ ಹೆಚ್ಚುಕಡಿಮೆ 40 ಅಥವಾ 50 ಗ್ರೇಡ್ ಎಂಜಿನ್ ಆಯಿಲ್‌ನಷ್ಟೇ.

ದಾರಿಹೋಕ

ಎಂಜಿನ್‌ಗೆ 5ಡಬ್ಲ್ಯೂ-30 ಎಪಿಐ ಎಸ್‌ಪಿ ಅಂತ ನಿರ್ಧರಿಸಿದೆ. ಚಾಸಿ ನಂಬರ್ ಕೊಟ್ಟು ಎಟಿಎಫ್ ಹೆಸರು ತಿಳಿದುಕೊಳ್ಳುತ್ತೇನೆ. ಮಷೀನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಲಾ, ಇಲ್ಲ ಸುಮ್ನೆ ಇಳಿಸಿ ತುಂಬಿಸಲಾ? ನನ್ನ ಗಾಡಿಯಲ್ಲಿ ಎಟಿಎಫ್‌ಗೆ ಡಿಪ್‌ಸ್ಟಿಕ್ ಕೂಡ ಇಲ್ಲ.

ಗೇರ್‌ಮನೆ

ದಾಖಲೆ ಪೂರ್ತಿ ಇಲ್ಲದ ಗಾಡಿ, ಇಳಿಸಿ ತುಂಬಿಸುವುದೇ ಒಳ್ಳೆಯದು. ಒಂದು ಸಲಕ್ಕೆ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಾತ್ರ ಹೊರಬರುತ್ತದೆ. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲಿ ಇರುತ್ತದೆ. ಸ್ವಲ್ಪ ಓಡಿಸಿ ಮತ್ತೆ ಮಾಡಿಸಿ. ಫಿಲ್ಟರ್ ಪ್ಯಾನ್ ಒಳಗಿದ್ದರೆ ಅದನ್ನೂ ಗ್ಯಾಸ್ಕೆಟನ್ನೂ ಬದಲಿಸಿ.

ಕೆಲಸ ಮಾಡುವವರ ಹತ್ತಿರ ನಿಂತು ಇಷ್ಟು ನೋಡಿಕೊಳ್ಳಿ. ಮೊದಲು ತುಂಬಿಸುವ ಪ್ಲಗ್ ಬಿಚ್ಚಿಕೊಳ್ಳುತ್ತದಾ ಅಂತ ನೋಡಬೇಕು, ಆಮೇಲೆಯೇ ಕೆಳಗಿನ ಪ್ಲಗ್ ಬಿಚ್ಚಬೇಕು. ಎಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಇಳಿದ ಆಯಿಲನ್ನು ಅಳೆದು ಅಷ್ಟೇ ಹೊಸದು ಹಾಕಲಿ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಗಾಡಿ ಸಮತಟ್ಟಾಗಿ ನಿಂತು, ಎಂಜಿನ್ ಚಾಲೂ ಇದ್ದು, ದ್ರವ ಕಂಪನಿ ಹೇಳಿದ ಉಷ್ಣಾಂಶಕ್ಕೆ ಬಂದಾಗ ಮಟ್ಟದ ಪ್ಲಗ್ ತೆಗೆದು ನೋಡಬೇಕು. ಸಣ್ಣಗೆ ತೊಟ್ಟಿಕ್ಕಿದರೆ ಮಟ್ಟ ಸರಿ. ಉಷ್ಣಾಂಶವನ್ನು ಸ್ಕ್ಯಾನರ್‌ನಲ್ಲಿ ಓದಬೇಕು, ಕೈ ಮುಟ್ಟಿ ಅಂದಾಜು ಮಾಡುವುದಲ್ಲ. ಬಿಸಿಗೆ ದ್ರವ ಉಬ್ಬುತ್ತದೆ, ಹಾಗಾಗಿ ತಪ್ಪು ಉಷ್ಣಾಂಶದಲ್ಲಿ ನೋಡಿದರೆ ಮಟ್ಟವೂ ತಪ್ಪು.

ಪ್ಯಾನ್ ಬಿಚ್ಚಿದರೆ ಅದರ ಒಳಗಿನ ಅಯಸ್ಕಾಂತದ ಫೋಟೊ ತೆಗೆದು ಇಲ್ಲಿ ಹಾಕಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಅದು ಸಹಜ ಸವೆತ, ಒರೆಸಿ ವಾಪಸ್ ಇಡಲಿ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕಿದರೆ ಪ್ಯಾನ್ ಮುಚ್ಚುವ ಮೊದಲು ಹೇಳಿ, ಮುಂದಿನದು ನೋಡೋಣ.